ಮಚ್ಛೇಂದ್ರನ ಎರಡನೆಯ ಪೋಷಾಕು

ಭಾಲ್ಕಿಯಲ್ಲಿ ಗೋತಾಖೋರ ಮಚ್ಛೇಂದ್ರನ ಮನೆಗೆ ಮೊದಲ ಸಲ ಹೋದವರು ಯಾರೇ ಆಗಲಿ, ನಡುಮನೆಯ ಹೊಸ್ತಿಲಲ್ಲಿ ಒಮ್ಮೆ ಕಿರುಚಿಕೊಳ್ಳದೆ ಒಳಗೆ ಬಂದದ್ದಿಲ್ಲ. ಮೂಲೆಯಲ್ಲಿ ಒಬ್ಬ ದಢೂತಿ ಆಸಾಮಿ ನಿಂತಿರುತ್ತಿದ್ದ. ತಾಮ್ರದ ತಲೆ, ಮುಖ ಇರಬೇಕಾದಲ್ಲಿ ದುಂಡನೆಯ ಗಾಜು, ರಬ್ಬರು ಬಳಿದ ದಪ್ಪ ಬಟ್ಟೆಯ ಮೈ, ಕಾಲಿಗೆ ಸೀಸದ ಬೂಟು. ಒಳಗೆ ಮಾತ್ರ ಯಾರೂ ಇಲ್ಲ. ಅದು ನೀರಿನ ತಳಕ್ಕೆ ಇಳಿಯುವವರು ತೊಡುವ ಪೋಷಾಕು, ಮರದ ಗೂಟಕ್ಕೆ ತೊಡಿಸಿ ನಿಲ್ಲಿಸಿದ್ದು. ಮಚ್ಛೇಂದ್ರನ ಹತ್ತಿರ ಇಂಥವು ಎರಡಿದ್ದವು. ಒಂದನ್ನು ತೊಟ್ಟು ಕೆಲಸಕ್ಕೆ ಹೋಗುತ್ತಿದ್ದ. ಇನ್ನೊಂದು ಈ ಮಹಾಶಯ, ಈ ಮನೆಗೆ ಬಂದ ಮೇಲೆ ಒಂದು ದಿನವೂ ನೀರು ಕಂಡವನಲ್ಲ.

ನೀರಿಗಿಳಿದು ಕೆಲಸ ಮಾಡುವವನಿಗೆ ನಮ್ಮ ಕಡೆ ಗೋತಾಖೋರ ಎನ್ನುತ್ತಾರೆ. ಬಾವಿಗೆ ಬಿದ್ದ ಬಿಂದಿಗೆ, ಬೆಂಡೋಲೆ, ಒಮ್ಮೊಮ್ಮೆ ಆಡನ್ನೂ ಮೇಲಕ್ಕೆ ತರುವುದು, ತಳದ ಹೂಳು ತೆಗೆಯುವುದು, ಕಿತ್ತುಹೋದ ಕಲ್ಲು ಕೂರಿಸುವುದು, ಇದು ಮಚ್ಛೇಂದ್ರನ ಕಸುಬು. ಮೊದಲು ಅವನು ಮಾಂಜ್ರಾ ಹೊಳೆಗೆ ಸೇತುವೆ ಕಟ್ಟಿದ ಗುತ್ತೇದಾರನೊಬ್ಬನ ಕೈಕೆಳಗೆ ಗಾಳಿಯ ಯಂತ್ರ ತಿರುಗಿಸುವ ಆಳಾಗಿದ್ದ. ನಿಜಾಮರ ಆಳ್ವಿಕೆ ಮುಗಿದದ್ದೇ ಗುತ್ತೇದಾರ ಸಾಮಾನೆಲ್ಲ ಹರಾಜಿಗಿಟ್ಟು ಊರು ಬಿಟ್ಟ. ಆ ಹರಾಜಿನಲ್ಲಿ ಎರಡು ಪೋಷಾಕನ್ನೂ ಯಂತ್ರವನ್ನೂ ಮಚ್ಛೇಂದ್ರ ಹಿಡಿದುಬಿಟ್ಟ. ಅವನ ಎದುರು ಸವಾಲು ಕೂಗಲು ಯಾರಿಗೂ ಬುದ್ಧಿ ಕೆಟ್ಟಿರಲಿಲ್ಲ.

ಯಂತ್ರವೆಂದರೆ ಎರಡು ಬದಿಗೆ ಚಕ್ರವಿರುವ ಮರದ ಪೆಟ್ಟಿಗೆ. ಚಕ್ರ ತಿರುಗಿಸಿದರೆ ರಬ್ಬರಿನ ನಳಿಗೆಯಲ್ಲಿ ಗಾಳಿ ಹರಿದು ಕೆಳಗಿದ್ದವನ ತಾಮ್ರದ ಟೋಪಕ್ಕೆ ಹೋಗುತ್ತಿತ್ತು. ನಿಲ್ಲಿಸಿದರೆ ಹೋಗುತ್ತಿರಲಿಲ್ಲ. ಚಕ್ರ ತಿರುಗಿಸುವವಳು ಹೆಂಡತಿ ಕೌಸಲ್ಯಾಬಾಯಿ. ಆಕೆಗೆ ಒಮ್ಮೆ ಜ್ವರ ಬಂದಾಗ ಮಚ್ಛೇಂದ್ರ ನೆರೆಮನೆಯವನನ್ನು ಚಕ್ರಕ್ಕೆ ನಿಲ್ಲಿಸಿದ್ದ. ಆ ಪುಣ್ಯಾತ್ಮ ನಡುವೆ ಬೀಡಿ ಹಚ್ಚಿಕೊಳ್ಳಲು ಕೈ ಬಿಟ್ಟಿದ್ದ. ಅಂದಿನಿಂದ ಹೆಂಡತಿಯ ಹೊರತು ಯಾರ ಕೈಗೂ ಅವನು ತನ್ನ ಉಸಿರನ್ನು ಒಪ್ಪಿಸಿರಲಿಲ್ಲ.

ಈಗ ಗುಟ್ಟಿನ ಮಾತು. ಊರವರ ಬಾಯಲ್ಲಿ ಎಂಟೆದೆಯ ಬಂಟ ಅನ್ನಿಸಿಕೊಂಡ ಮಚ್ಛೇಂದ್ರನಿಗೆ ನೀರೆಂದರೆ ಜೀವಭಯ. ಟೋಪ ಬಿಗಿದು, ಗಾಜಿನಾಚೆಯ ಬೆಳಕು ಹಸಿರಾಗಿ, ಆಮೇಲೆ ಕಪ್ಪಾಗುತ್ತ ಹೋದಂತೆ ಅವನ ಕೈಕಾಲು ತಣ್ಣಗಾಗುತ್ತಿದ್ದವು. ಆಗ ಅವನು ಒಂದೇ ಮಾತನ್ನು ಜಪ ಮಾಡುತ್ತಿದ್ದ. ಮನೆಯಲ್ಲಿ ಇನ್ನೊಂದು ಇದೆ. ಇದು ಹರಿದರೂ ಒಡೆದರೂ ಮನೆಯಲ್ಲಿ ಇನ್ನೊಂದು ಇದೆ. ತಳದಲ್ಲಿರುವಾಗ ಮೈಮೇಲಿನದು ಹರಿದರೆ ಮನೆಯ ಮೂಲೆಯಲ್ಲಿ ನಿಂತದ್ದು ಯಾವ ಕೆಲಸಕ್ಕೆ ಬಂತು ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ. ಹೆದರಿದ ಮನುಷ್ಯನ ಹತ್ತಿರ ಅಂಥ ಪ್ರಶ್ನೆಗಳಿಗೆ ಉತ್ತರ ಇರುವುದಿಲ್ಲ. ಅದಿಲ್ಲದಿದ್ದರೆ ತಾನು ಇನ್ನೊಮ್ಮೆ ನೀರಿಗಿಳಿಯಲಾರೆ ಎಂಬುದು ಅವನಿಗೆ ಖಚಿತವಾಗಿ ಗೊತ್ತಿತ್ತು, ಅಷ್ಟೇ.

ಆ ವರ್ಷ ದೀಪಾವಳಿಯೂ ಮೈಸೂರು ರಾಜ್ಯಕ್ಕೆ ಸೇರುವ ದಿನವೂ ಒಂದರ ಬೆನ್ನಿಗೊಂದು ಬಂದವು. ಬೀದರ ಜಿಲ್ಲೆ ಕೂತಲ್ಲಿಂದ ಒಂದು ಗೇಣೂ ಕದಲದೆ ಹೈದರಾಬಾದಿನಿಂದ ಮೈಸೂರಿಗೆ ಹೋಗುತ್ತಿತ್ತು. ಕಚೇರಿಗಳಿಗೆ ಸುಣ್ಣ, ಅಂಗಡಿಗಳಿಗೆ ಸುಣ್ಣ, ಎತ್ತಿನ ಕೋಡಿಗೆ ಕೂಡ ಬಣ್ಣ. ಕೌಸಲ್ಯಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆ ತೊಳೆಯಲು ನಿಂತಳು. ಮೂಲೆಗೆ ಬಂದು ಪೊರಕೆಯ ಹಿಡಿಯಿಂದ ತಾಮ್ರದ ತಲೆಗೆ ಠಣ್ ಎಂದು ಒಂದು ಕುಟ್ಟಿದಳು.

"ನೋಡ್ರಿ, ಇಡೀ ಜಿಲ್ಲಾನೇ ಹೈದರಾಬಾದ ಬಿಟ್ಟು ಮೈಸೂರಿಗಿ ಹೊಂಟದ. ಈ ನನ್ನ ಸವತಿಗಿ ಈ ಮೂಲಿ ಬಿಡ್ಲಿಕ್ಕಿ ಏನ್ ಧಾಡಿ?"

"ಅದು ಜರೂರತ್ತಿಗಿ ಇಟ್ಟಿದ್ದು ಕೌಸಲ್ಯಾ."

"ಯಾರ್ದು ಜರೂರತ್ತು? ಉಳ್ಳಾಗಡ್ಡಿ ಬುಟ್ಟಿ ಇಡ್ಲಿಕ್ಕಿ ಜಾಗಾ ಇಲ್ಲ, ಅದು ನನ್ನ ಜರೂರತ್ತು. ಹಬ್ಬಕ್ಕ ಬಂದ ಬೀಗರು ಹೊಸ್ತಿಲದಾಗೇ ಹೌಹಾರಿ ಹೊಳ್ಳಿ ಹೋಗ್ತಾರ."

"ಒಂದು ಕೈ ಕೊಟ್ರ ಇನ್ನೊಂದು ಬೇಕಲ್ಲ."

"ಇಷ್ಟ್ ವರ್ಷದಾಗ ಕೈ ಕೊಟ್ಟದೇನು? ನಿಮಗ ಗಾಳಿ ಹೊಡ್ಯಾಕಿ ನಾನು. ಬಿಸಲಾಗ ರಟ್ಟಿ ಮುರ್ಕೊಂಡು ಉಸರು ಕೊಡಾಕಿ ನಾನು, ಧೈರ್ಯ ಕೊಡೋದು ಇದಾ?"

ಮಚ್ಛೇಂದ್ರ ತಲೆ ಕೆರೆದುಕೊಂಡ. ಇದಕ್ಕೆ ಹೌದು ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ. ಗಂಡಸರು ಇಂಥ ಹೊತ್ತಿನಲ್ಲಿ ಸುಮ್ಮನಿರುತ್ತಾರೆ, ಸುಮ್ಮನಿದ್ದದ್ದನ್ನೇ ಹೆಂಗಸರು ಉತ್ತರವೆಂದು ಹಿಡಿಯುತ್ತಾರೆ. ಕೌಸಲ್ಯಾಬಾಯಿಯೂ ಹಿಡಿದಳು.

"ಆಯ್ತು. ಹಬ್ಬದೊಳಗ ಇದು ಮನಿ ಬಿಡಬೇಕು. ಇಲ್ಲಂದ್ರ ನಾ ಚಕ್ರಕ್ಕ ಕೈ ಹಚ್ಚಂಗಿಲ್ಲ. ಇದರ ಕೈಲೇ ಗಾಳಿ ಹೊಡಸ್ಕೊಂಡು ಇಳೀರಿ."

ಆಕೆಗೆ ನೋವಾಗಿತ್ತು. ಅದು ಮಚ್ಛೇಂದ್ರನ ತಲೆಗೆ ಹೋಗಲಿಲ್ಲ. ಅವನ ತಲೆಗೆ ಹೋದದ್ದು ಒಂದೇ, ಪೋಷಾಕನ್ನು ಮಾರಬಾರದು, ಆದರೆ ಮನೆಯಲ್ಲಿಯೂ ಇಡಬಾರದು. ಹಾಗಿದ್ದರೆ ಔರಾದದಲ್ಲಿರುವ ಕಾಕಾನ ಮಗ ಗೋರಖನಾಥನ ಮನೆಯಲ್ಲಿ ಇಟ್ಟು ಬರುವುದು. ದೂರವಿದ್ದರೂ ಇದ್ದಂತೆಯೇ ಅಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮರುದಿನ ಅದನ್ನು ಬೆನ್ನ ಮೇಲೆ ಹೊತ್ತು ಬಸ್ಸು ಹತ್ತಿದ.

ಮಡಚಿದರೆ ರಬ್ಬರು ಬಿರಿಯುತ್ತದೆ, ಬಸ್ಸಿನ ಮೇಲೆ ಹಾಕಿದರೆ ಟೋಪ ನುಗ್ಗುತ್ತದೆ. ಆದ್ದರಿಂದ ಅದನ್ನು ತನ್ನ ಪಕ್ಕದಲ್ಲಿ ಕಿಟಕಿಯ ಕಡೆ ಕೂರಿಸಿದ. ಕಂಡಕ್ಟರ್ ಸಲಾವೋದ್ದೀನ ಬಂದು ಇಬ್ಬರನ್ನೂ ದಿಟ್ಟಿಸಿದ.

"ಇವರ್ದು ಟಿಕೆಟ್?"

"ಅದು ಸಾಮಾನು ಐತಲ್ರಿ ಸಾಹೇಬ್ರ."

"ಸೀಟಿನ ಮ್ಯಾಲ ಕುಂತದ, ಕಾಲ ಮ್ಯಾಲ ಕೈ ಇಟ್ಗೊಂಡದ, ಹೊರಗಿಂದು ನೋಡ್ಲಾಕತ್ತದ. ಸಾಮಾನು ಹ್ಯಾಂಗ ಆಯ್ತದ?"

ಮಚ್ಛೇಂದ್ರ ತೆಪ್ಪಗೆ ಇನ್ನೊಂದು ಟಿಕೆಟ್ ತೆಗೆದ. ಬೀದರಿನಲ್ಲಿ ಇಳಿದು ಔರಾದದ ಬಸ್ಸಿಗೆ ಕಾಯುತ್ತ ಕೂತಾಗ ಸುತ್ತ ಜನ ನೆರೆಯಿತು. ಆಗಿನ ದಿನಗಳಲ್ಲಿ ಬೀದರಿನಲ್ಲಿ ಮಾತೆಲ್ಲ ಮೈಸೂರಿನ ಬಗ್ಗೆಯೇ. ಇನ್ನು ಮೇಲೆ ಸರ್ಕಾರ ಯಾವ ಭಾಷೆಯಲ್ಲಿ ಬೈಯುತ್ತದೆ, ಊರ ಲೆಕ್ಕ ಬರೆಯುವ ಪಟವಾರಿಗೆ ಯಾವ ಹೆಸರಿಡುತ್ತಾರೆ, ಪೋಲೀಸರು ಏನು ತೊಡುತ್ತಾರೆ, ಇಂಥವು. ಚಹಾ ಅಂಗಡಿಯ ಫಕ್ರೋದ್ದೀನ ಲೋಟ ಹಿಡಿದು ಹತ್ತಿರ ಬಂದ. ತಾಮ್ರದ ತಲೆಯನ್ನು ಮೇಲಿಂದ ಕೆಳಗೆ ನೋಡಿದ.

"ಮೈಸೂರ ಪೋಲೀಸರ್ದು ಹೊಸಾ ಡ್ರೆಸ್ ಇದೇ ಏನ್ರಿ?"

"ಹೂಂ," ಎಂದ ಮಚ್ಛೇಂದ್ರ. ಬೆಳಗಿನಿಂದ ಉತ್ತರ ಕೊಟ್ಟು ಕೊಟ್ಟು ಅವನಿಗೆ ಸಾಕಾಗಿತ್ತು.

"ಯಾ ಅಲ್ಲಾ! ಬ್ಯಾಸಗಿ ಒಳಗ ಹ್ಯಾಂಗ ತಡ್ಕೋತಾರ್ರಿ ಪಾಪ!" ಫಕ್ರೋದ್ದೀನ ಮರುಗಿ ಇಬ್ಬರಿಗೂ ಚಹಾ ಇಟ್ಟ. ಒಂದು ಲೋಟ ಸುಮ್ಮನೆ ಆರಿಹೋಗುವುದು ಬೇಡವೆಂದು ಮಚ್ಛೇಂದ್ರನೇ ಎರಡನ್ನೂ ಕುಡಿದ. ಔರಾದಕ್ಕೆ ಬಸ್ಸು ಹೊರಡುವ ಹೊತ್ತಿಗೆ, ಮೈಸೂರಿನ ಪೋಲೀಸರಿಗೆ ಗುಂಡು ತಾಗುವುದಿಲ್ಲವಂತೆ ಎಂಬ ಸುದ್ದಿ ಇಡೀ ಬಸ್ ಸ್ಟ್ಯಾಂಡಿನಲ್ಲಿ ಹಬ್ಬಿತ್ತು.

ಔರಾದದಲ್ಲಿ ಗೋರಖನಾಥ ತಕರಾರಿಲ್ಲದೆ ಒಪ್ಪಿದ. ಪಡಸಾಲೆಯಲ್ಲಿ ಜಾಗವೂ ತೋರಿಸಿದ. ಅಲ್ಲಿಗೆ ಕೈ ಮುಗಿದು ಬಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಮಚ್ಛೇಂದ್ರ ಪದ್ಧತಿ ಬಿಡುವವನಲ್ಲ. ಬಾವಿಗೆ ಬಿದ್ದ ಕೊಡ ತೆಗೆಯಲು ಕೊಕ್ಕೆಗಳ ಗೊಂಚಲು ಇರುತ್ತದಲ್ಲ, ಪಾತಾಳಗರಡಿ, ಅದನ್ನು ನಮ್ಮ ಕಡೆ ಯಾರಿಗೂ ಬರಿಗೈಯಲ್ಲಿ ಕೊಡುವುದಿಲ್ಲ. ಒಯ್ಯುವವರು ಒಂದು ಒತ್ತೆ ಇಟ್ಟೇ ಒಯ್ಯಬೇಕು. ತಂಬಿಗೆಯೋ ಹಿಟ್ಟು ನಾದುವ ಪರಾತವೋ, ಮನೆಯಲ್ಲಿ ಇಲ್ಲದಿದ್ದರೆ ಚುರುಕ್ ಅನ್ನುವಂಥದ್ದು. ಬಾವಿಯ ಸಾಮಾನು ಬಿಟ್ಟಿಯಾಗಿ ಮನೆ ದಾಟಿದರೆ ಮತ್ತೆ ತಿರುಗಿ ಬರುವುದಿಲ್ಲ, ಇದು ನಂಬಿಕೆ. ಕೊಕ್ಕೆಗೇ ಹೀಗಿರುವಾಗ ಪೋಷಾಕಿಗೆ ಬೇಡವೇ?

"ಏನಾರ ಒತ್ತಿ ಕೊಡು ತಮ್ಮಾ. ಹಂಗೇ ಬಿಟ್ಟು ಹೋಗ್ಲಿಕ್ಕಿ ನನ್ನ ಮನಸ್ಸು ಒಪ್ಪಂಗಿಲ್ಲ."

ಗೋರಖನಾಥ ಒಳಗೆ ಹೋಗಿ ಹಂಡೆ ಎತ್ತಿದ. ಹಬ್ಬದ ಎಣ್ಣೆನೀರಿಗೆ ಬೇಕು ಎಂದು ಅವನ ಹೆಂಡತಿ ಶಾಲುಬಾಯಿ ಕಸಿದುಕೊಂಡಳು. ಕಬ್ಬಿಣದ ಹಾರೆ ತಂದ. ಅದು ಇಲ್ಲದಿದ್ದರೆ ನಿನಗೆ ಚುರುಕ್ ಅನ್ನುತ್ತದೆಯೇ ಎಂದು ಮಚ್ಛೇಂದ್ರ ಕೇಳಿದ. ಪ್ರಾಮಾಣಿಕ ಮನುಷ್ಯ, ಇಲ್ಲ ಎಂದ. ಹೀಗೆ ಒಂದೊಂದೇ ವಸ್ತು ಹೊರಗೆ ಬಂದು ಒಳಗೆ ಹೋಗುತ್ತಿರುವಾಗ ಹೊರಸಿನ ಮೇಲೆ ಅಡಿಕೆ ಕತ್ತರಿಸುತ್ತ ಕೂತಿದ್ದ ಶಾಲುಬಾಯಿಯ ತಾಯಿ ಅನುಸೂಯಾಬಾಯಿ ಬಾಯಿ ತೆರೆದಳು. ತೆರೆದಳು ಎನ್ನುವುದು ತಪ್ಪು, ಆಕೆ ಅದನ್ನು ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ.

"ಹಂಡೆ ಹಾರೆ ಅಂತ ಏನ್ ಹುಡುಕ್ತೀರಿ? ಈ ಮನ್ಯಾಗ ಇಲ್ಲಂದ್ರ ನಡ್ಯಾದೇ ಇಲ್ಲ ಅನ್ನಂಗ ಇರಾಕಿ ನಾ ಒಬ್ಬಾಕಿನೇ. ಆದ್ರ ಅದು ನಿಮಗ ಎಲ್ಲಿ ಗೊತ್ತಾಗ್ತದ?"

ಗೋರಖನಾಥನೂ ಶಾಲುಬಾಯಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಮುಖದಲ್ಲೂ ದೀಪಾವಳಿ ಹಬ್ಬಕ್ಕಿಂತ ಮೊದಲೇ ಬಂದಿತ್ತು.

"ಖರೆ ಹೇಳಿದ್ರಿ ಅತ್ತಿಯವರೆ," ಎಂದ ಗೋರಖನಾಥ ಗದ್ಗದ ದನಿಯಲ್ಲಿ. "ನೀವ್ ಇಲ್ಲಂದ್ರ ನಮ್ಮ ಕೈಕಾಲೇ ಆಡಂಗಿಲ್ಲ. ಅಣ್ಣಾ, ಇದಕಿಂತ ದೊಡ್ಡ ಒತ್ತಿ ನನ್ನ ಹತ್ರ ಇಲ್ಲ."

ಮನುಷ್ಯರನ್ನು ಒತ್ತೆ ಇಡುವುದುಂಟೇ ಎಂದು ಮಚ್ಛೇಂದ್ರ ಬಾಯಿ ತೆರೆಯುವಷ್ಟರಲ್ಲಿ ಅನುಸೂಯಾಬಾಯಿ ಎಲೆಅಡಿಕೆಯ ಚೀಲ, ಇನ್ನೊಂದು ಸೀರೆ, ತನ್ನದೇ ತಂಬಿಗೆ ಕಟ್ಟಿಕೊಂಡು ಅಂಗಳಕ್ಕೆ ಇಳಿದಾಗಿತ್ತು. ತನ್ನ ಬೆಲೆ ಏನೆಂದು ಅಳಿಯನ ಬಾಯಿಂದಲೇ ಕೇಳಿದ ಖುಷಿಯಲ್ಲಿ ಆಕೆಯ ಮಂಡಿನೋವು ಮಾಯವಾಗಿತ್ತು. ಹಿರಿಯ ಜೀವ, ಬರುತ್ತೇನೆ ಎಂದು ನಿಂತಿರುವಾಗ ಬೇಡ ಅನ್ನುವುದು ಹೇಗೆ?

ಕೌಸಲ್ಯಾಬಾಯಿ ಬಾಗಿಲು ತೆರೆದಳು. ಗಂಡನ ಬೆನ್ನು ಖಾಲಿ ಇರುವುದನ್ನು ನೋಡಿ ಮುಖ ಅರಳಿತು. ಬೆನ್ನ ಹಿಂದೆ ನಿಂತಿದ್ದವರನ್ನು ನೋಡಿ ಅರಳಿದ್ದು ಹಾಗೆಯೇ ನಿಂತಿತು.

"ನಾ ಒತ್ತಿ ಬಂದೇನವ್ವಾ," ಎಂದು ಅನುಸೂಯಾಬಾಯಿ ಘನತೆಯಿಂದ ಹೇಳಿ, ನೆಟ್ಟಗೆ ನಡುಮನೆಗೆ ಹೋಗಿ, ಖಾಲಿಯಾಗಿದ್ದ ಮೂಲೆಯಲ್ಲೇ ಚಾಪೆ ಹಾಸಿದಳು.

ಸಂಗತಿ ಕೇಳಿದ ಮೇಲೆ ಕೌಸಲ್ಯಾಬಾಯಿ ಗಂಡನನ್ನು ಹಿತ್ತಿಲಿಗೆ ಕರೆದಳು. "ಅದು ಉಣ್ತಿದ್ದಿಲ್ಲ, ಮಾತಾಡ್ತಿದ್ದಿಲ್ಲ, ಚಾದಾಗ ಸಕ್ರಿ ಕಮ್ಮಿ ಅಂತಿದ್ದಿಲ್ಲ. ನಿಮ್ಮ ಬುದ್ಧಿಗಿ ಏನ್ ಅನ್ಲಿ?" ಎಂದಳು. ಆದರೆ ಆಡಿದ ಮಾತಿಗೆ ತಪ್ಪುವವಳಲ್ಲ. ಪೋಷಾಕು ಮನೆ ಬಿಟ್ಟಿತ್ತು, ಚಕ್ರಕ್ಕೆ ಕೈ ಹಚ್ಚುತ್ತೇನೆ ಎಂದಳು.

ರಾಜ್ಯ ಸೇರುವ ದಿನ ಬಂತು. ಭಾಲ್ಕಿಯ ಚೌಕದಲ್ಲಿ ಹಂದರ, ತಳಿರು, ಬಾಜಾ ಭಜಂತ್ರಿ. ಸಮಾರಂಭದ ಹೊಣೆಯೆಲ್ಲ ಕಿರಾಣಿ ಅಂಗಡಿಯ ಶಿವರಾಜಪ್ಪನದು. ಅವನು ಹೇಗೋ ಓಡಾಡಿ ಮೈಸೂರಿನಿಂದಲೇ ಒಬ್ಬ ನಿವೃತ್ತ ಹೆಡ್ ಮಾಸ್ತರರನ್ನು ಭಾಷಣಕ್ಕೆ ಕರೆಸಿದ್ದ. ಹೆಸರು ಚೆನ್ನಕೇಶವಯ್ಯ. ಜರಿ ಪೇಟ, ಮುಚ್ಚುಗೊರಳಿನ ಕೋಟು, ಬಾಯಿ ತುಂಬ ಮುತ್ತಿನಂಥ ಕಟ್ಟಿಸಿದ ಹಲ್ಲು. ಭಾಷಣಕ್ಕೆ ಇನ್ನೂ ಹೊತ್ತಿದೆಯೆಂದು ಊರವರು ಅವರನ್ನು ಚೌಕದ ದೊಡ್ಡ ಬಾವಿ ತೋರಿಸಲು ಕರೆದೊಯ್ದರು. ಮಳೆಗಾಲ ಚೆನ್ನಾಗಿ ಆಗಿ ಬಾವಿಯಲ್ಲಿ ನೀರು ಭರ್ತಿ ನಿಂತಿತ್ತು. ಅತಿಥಿಗಳು ಕಟ್ಟೆಯ ಮೇಲೆ ಬಗ್ಗಿದರು.

"ಎಷ್ಟು ಆಳ ಇದೆ ಕಣ್ರೀ! ಓಹೋಹೋಹೋ!"

ಮೂರನೆಯ 'ಹೋ'ಗೆ ಹಲ್ಲುಗಳು ಹೊರಟುಹೋದವು. ಮೇಲಿನ ಸಾಲೂ ಕೆಳಗಿನ ಸಾಲೂ, ಜೊತೆಯಾಗಿ. ಡುಬುಕ್ ಎಂಬ ಒಂದೇ ಸದ್ದು ಬಂತು. ಚೆನ್ನಕೇಶವಯ್ಯನವರು ಒಮ್ಮೆ ಬಾಯಿಯತ್ತ, ಒಮ್ಮೆ ಬಾವಿಯತ್ತ ಕೈ ತೋರಿಸಿದರು. ನೀರಡಿಕೆ ಇರಬೇಕೆಂದು ಯಾರೋ ತಂಬಿಗೆ ತಂದರು. ನಿಜ ತಿಳಿದ ಮೇಲೆ ಪಾತಾಳಗರಡಿ ಬಿಟ್ಟರು, ಒಂದು ಕೊಡ ಸಿಕ್ಕಿತು. ಈಜುವ ಗಂಡಸರು ಧುಮುಕಿದರು, ತಳ ಮುಟ್ಟುವ ಮೊದಲೇ ಉಸಿರು ಕಟ್ಟಿ ಮೇಲೆ ಬಂದರು. ಶಿವರಾಜಪ್ಪ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು ಮಚ್ಛೇಂದ್ರನಿಗೆ ಹೇಳಿಕಳಿಸಿದ.

ಯಂತ್ರ ಬಂತು. ಕೌಸಲ್ಯಾಬಾಯಿ ಚಕ್ರದ ಹತ್ತಿರ ನಿಂತಳು. ಒತ್ತೆ ಬಂದ ಅನುಸೂಯಾಬಾಯಿ ಚೆನ್ನಾಗಿ ಕಾಣುವ ಜಾಗ ಹಿಡಿದು ಕೂತಳು. ಮಚ್ಛೇಂದ್ರ ಪೋಷಾಕು ತೊಟ್ಟು, ಸೀಸದ ಬೂಟು ಕಟ್ಟಿಕೊಂಡು, ಟೋಪ ಕಂಕುಳಲ್ಲಿ ಇಟ್ಟುಕೊಂಡು ಬಾವಿಯ ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋದ. ಅಲ್ಲಿ ನಿಂತ. ನಿಂತೇ ಇದ್ದ. ಜಪ ಶುರುಮಾಡಲು ಹೋದರೆ ನಾಲಿಗೆ ಏಳಲಿಲ್ಲ. ಮನೆಯ ಮೂಲೆಯಲ್ಲಿ ಅನುಸೂಯಾಬಾಯಿಯ ಚಾಪೆ ಇತ್ತು, ಅಷ್ಟೇ.

ಊರೆಲ್ಲ ನೋಡುತ್ತಿತ್ತು. ಕೌಸಲ್ಯಾಬಾಯಿ ಕೆಳಗಿಳಿದು ಬಂದಳು.

"ಯಾಕ ನಿಂತ್ರಿ?"

"ಆಗವಲ್ದು ಕೌಸಲ್ಯಾ," ಎಂದ ಪಿಸುಮಾತಿನಲ್ಲಿ. "ಅಂಜಿಕಿ ಬರ್ಲಾಕತ್ತದ."

"ನಾ ಅದೀನಲ್ಲ ಮ್ಯಾಲ."

"ನೀ ಅದೀ. ಆದ್ರ..."

ಆ 'ಆದ್ರ' ಆಕೆಯ ಎದೆಗೆ ನಾಟಿತು. ಒಂದು ಗಳಿಗೆ ಗಂಡನ ಮುಖವನ್ನೇ ನೋಡಿದಳು. ಅವನು ಅಳುವಂತಾಗಿದ್ದ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬಿಚ್ಚರಿ," ಎಂದಳು.

"ಏನು?"

"ಪೋಷಾಕ ಬಿಚ್ಚರಿ ಅಂದ್ನಿ. ನೀವ್ ಹೋಗಿ ಚಕ್ರಾ ಹಿಡೀರಿ. ನಾ ಇಳೀತೇನಿ."

ಹೆಣ್ಣುಮಕ್ಕಳು ಸೀರೆಯನ್ನು ಮರೆ ಹಿಡಿದರು, ಕೌಸಲ್ಯಾಬಾಯಿ ಕಚ್ಚೆ ಬಿಗಿದು ಪೋಷಾಕಿನೊಳಗೆ ಹೊಕ್ಕಳು. ಅದು ಆಕೆಗೆ ಸಡಿಲವಾಗಿ ಅಲ್ಲಲ್ಲಿ ಜೋಲುತ್ತಿತ್ತು. ಶಿವರಾಜಪ್ಪ ಬೇಡ ತಾಯಿ ಎಂದ, ಹಲ್ಲಿಲ್ಲದ ಅತಿಥಿಗಳು ಎರಡೂ ಕೈ ಆಡಿಸಿ ಏನೋ ಹೇಳಿದರು. ಟೋಪದ ತಿರುಪು ಬಿಗಿಯುವಾಗ ಗಾಜಿನೊಳಗಿಂದ ಆಕೆ ಗಂಡನನ್ನು ನೋಡಿದಳು. ಅವನು ಮೆಟ್ಟಿಲು ಹತ್ತಿ ಚಕ್ರಕ್ಕೆ ಓಡಿದ.

ಗುತ್ತೇದಾರನ ಕಾಲದಲ್ಲಿ ತಿರುಗಿಸಿದ್ದ ಅದೇ ಚಕ್ರ. ಆಗ ಕೆಳಗೆ ಇರುತ್ತಿದ್ದವರು ಯಾರೋ. ಈಗ ಇರುವವಳು ಕೌಸಲ್ಯಾ. ತಾಮ್ರದ ತಲೆ ನೀರಿನಲ್ಲಿ ಮುಳುಗಿ ಗುಳ್ಳೆಗಳು ಮಾತ್ರ ಉಳಿದಾಗ ಮಚ್ಛೇಂದ್ರನಿಗೆ ತಾನು ಇಷ್ಟು ವರ್ಷ ಹೆದರಿಕೆ ಅಂದುಕೊಂಡದ್ದು ಏನೇನೂ ಅಲ್ಲ ಎಂಬುದು ಗೊತ್ತಾಯಿತು. ಕೆಳಗೆ ಹೋದವನಿಗೆ ತನ್ನ ಒಂದು ಜೀವದ ಚಿಂತೆ. ಮೇಲೆ ನಿಂತವರಿಗೆ ಆ ಚಿಂತೆಯ ಜೊತೆಗೆ ಕೈಯೂ ನಿಲ್ಲಬಾರದು. ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ನೊಣ ಮೂಗಿನ ಮೇಲೆ ಕೂತಿತು, ಓಡಿಸಲಿಲ್ಲ. ಬಿಸಿಲಿನಲ್ಲಿ, ಚಳಿಯಲ್ಲಿ, ಒಲೆಯ ಮೇಲೆ ಬೇಳೆ ಇಟ್ಟು ಬಂದ ದಿನವೂ ಆಕೆ ಹೀಗೆಯೇ ನಿಂತಿದ್ದಳಲ್ಲ, ಒಂದು ದಿನವಾದರೂ ನಿನಗೆ ಹೇಗಾಗುತ್ತದೆ ಎಂದು ನಾನು ಕೇಳಿದೆನೇ ಎಂದು ನೆನೆದು ಅವನಿಗೆ ನಾಚಿಕೆಯಾಯಿತು.

"ಹಗ್ಗಾ ಎಳದಳೇನ್ರಿ?" ಎಂದು ಕೂಗಿದ. ಕೆಳಗಿದ್ದವರು ಆಗಾಗ ಸೊಂಟದ ಹಗ್ಗ ಒಮ್ಮೆ ಎಳೆದು ಕ್ಷೇಮವೆಂದೂ ಮೂರು ಸಲ ಎಳೆದು ಮೇಲೆತ್ತಿ ಎಂದೂ ತಿಳಿಸುವುದು ವಾಡಿಕೆ.

"ಇಲ್ಲ," ಎಂದ ಹಗ್ಗ ಹಿಡಿದಿದ್ದ ಶಿವರಾಜಪ್ಪ.

"ಈಗ?"

"ಇಲ್ಲೋ ಮಾರಾಯಾ."

ಆಗಲೇ ಚೌಕದ ಆಚೆಯಿಂದ ಗದ್ದಲ ಎದ್ದಿತು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಔರಾದದ ಗೋರಖನಾಥ ಎರಡನೆಯ ಪೋಷಾಕನ್ನು ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತ ಬರುತ್ತಿದ್ದ. ಪಡಸಾಲೆಯಲ್ಲಿ ಅದನ್ನು ನೋಡಿದ ದಿನದಿಂದ ಅವನ ಎಮ್ಮೆ ಹಾಲು ಕೊಡುವುದು ನಿಲ್ಲಿಸಿತ್ತು. ಜಗಳಕ್ಕೆ ತಾಯಿ ಸಿಗದೆ ಶಾಲುಬಾಯಿ ಗಂಡನನ್ನು ಹಿಡಿದಿದ್ದಳು.

"ಅಣ್ಣಾ! ತಂದೇನಿ! ನನ್ನ ಒತ್ತಿ ನನಗ ಕೊಡು!"

"ಬಂತು, ಬಂತು! ಮಚ್ಛೇಂದ್ರಂದು ಇನ್ನೊಂದು ಬಂತು!" ಎಂದು ಜನ ಚಪ್ಪಾಳೆ ತಟ್ಟಿದರು.

"ಎಲ್ಲಿ ಇಡ್ಲಿ ಅಣ್ಣಾ?"

ಮಚ್ಛೇಂದ್ರ ತಿರುಗಿ ನೋಡಲಿಲ್ಲ. ಅವನ ಕಣ್ಣು ಗುಳ್ಳೆಗಳ ಮೇಲಿತ್ತು.

"ನನ್ನ ಕೈ ಖಾಲಿ ಇಲ್ಲ. ಬೇಕಾದ್ರ ಸುಟ್ಟು ಹಾಕು."

ಗೋರಖನಾಥ ಪೆಚ್ಚಾದ. ತನ್ನ ಒತ್ತೆಯತ್ತ ನೋಡಿದರೆ ಅನುಸೂಯಾಬಾಯಿ, "ಸುಮ್ ನಿಂದ್ರಪಾ, ನಡಕ ಬರಬ್ಯಾಡ, ಕಾಣವಲ್ದು," ಎಂದಳು.

ಕೊನೆಗೂ ಹಗ್ಗ ಮೂರು ಸಲ ಜಗ್ಗಿತು. ಗಂಡಸರು ಎಳೆದರು, ತಾಮ್ರದ ತಲೆ ಮೇಲೆ ಬಂತು. ಆಕೆಯ ಗಾಜು ತೆರೆಯುವ ತನಕ ಮಚ್ಛೇಂದ್ರ ಚಕ್ರ ಬಿಡಲಿಲ್ಲ, ತೆರೆದ ಮೇಲೂ ಎರಡು ಸುತ್ತು ತಿರುಗಿಸಿದ. ಆಮೇಲೆ ಕೆಳಗೆ ಓಡಿದ. ಕೌಸಲ್ಯಾಬಾಯಿಯ ಮುಷ್ಟಿಯಲ್ಲಿ ಹಲ್ಲುಗಳಿದ್ದವು. ಮುಖದಲ್ಲಿ ಮಚ್ಛೇಂದ್ರ ಮದುವೆಯಾದಂದಿನಿಂದ ಕಾಣದ ಒಂದು ತಂಪು ಇತ್ತು.

"ಸಿಗ್ಲಿಲ್ಲೇನು? ಸಿಕ್ಕೊಂಡಿದ್ದೇನು? ಯಾಕ ಇಷ್ಟೊತ್ತು?" ಎಂದು ಒಂದೇ ಉಸಿರಿಗೆ ಕೇಳಿದ.

"ಹಲ್ಲು ಹೋದ ಕೂಡ್ಲೇ ಸಿಕ್ಕವು. ಕಲ್ಲಿನ ಮ್ಯಾಲ ನಗ್ಲಾಕತ್ತಿದ್ದವು."

"ಮತ್ತ ಇಷ್ಟೊತ್ತು ಏನ್ ಮಾಡ್ದಿ?"

"ಕುಂತಿದ್ನಿ."

"ಕುಂತಿದ್ದಿ?"

"ಎಷ್ಟು ಶಾಂತ ಅದರಿ ಕೆಳಗ! ಯಾರೂ ಕರಿಯಂಗಿಲ್ಲ, ಯಾರೂ ಚಾ ಕೇಳಂಗಿಲ್ಲ. ಇಷ್ಟ್ ವರ್ಷ ನೀವೊಬ್ರೇ ಸುಖಪಟ್ರಿ, ನನಗ ಒಂದ್ ಮಾತು ಹೇಳ್ಲಿಲ್ಲ."

ಮಚ್ಛೇಂದ್ರ ಮೆಟ್ಟಿಲ ಮೇಲೆ ಕುಸಿದು ಕೂತ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದ. ಚೆನ್ನಕೇಶವಯ್ಯನವರು ಹಲ್ಲು ತೊಳೆದು ಹಾಕಿಕೊಂಡು ಸೊಗಸಾಗಿ ಭಾಷಣ ಮಾಡಿದರು. ಮೈಸೂರಿನ ಆ ನಯವಾದ ಕನ್ನಡ ಭಾಲ್ಕಿಗೆ ಅರ್ಧದಷ್ಟು ತಿಳಿಯಿತು, ಚಪ್ಪಾಳೆಯನ್ನು ಮಾತ್ರ ಪೂರ್ತಿ ಕೊಟ್ಟಿತು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಗೋರಖನಾಥ ತನ್ನ ಒತ್ತೆಯನ್ನು ಅಂದೇ ಬಿಡಿಸಿಕೊಂಡು ಹೋಗಬೇಕೆಂದಿದ್ದ. ಹಬ್ಬ ಮುಗಿಯದೆ ತಾನು ಏಳುವುದಿಲ್ಲ ಎಂದು ಒತ್ತೆಯೇ ಹೇಳಿದ್ದರಿಂದ ಅವನೂ ಉಳಿಯಬೇಕಾಯಿತು. ಪಾಡ್ಯದ ದಿನ ಬೆಳಿಗ್ಗೆ ಕೌಸಲ್ಯಾಬಾಯಿ ಗಂಡನನ್ನು ಮಣೆಯ ಮೇಲೆ ಕೂರಿಸಿ ಆರತಿ ಬೆಳಗಿದಳು. ಆ ದಿನ ಆರತಿ ತಟ್ಟೆಗೆ ಗಂಡ ಏನಾದರೂ ಹಾಕಬೇಕು, ಹೆಂಡತಿ ಕೇಳಿದ್ದನ್ನು ಕೊಡಬೇಕು. ಮಚ್ಛೇಂದ್ರನ ಮನಸ್ಸು ಮೊದಲೇ ಸಿದ್ಧವಾಗಿತ್ತು.

"ಆ ಎರಡನೇದು ಬ್ಯಾಡ ಕೌಸಲ್ಯಾ. ನಾಳೇನೇ ಮಾರ್ತೇನಿ. ಬಂದಿದ್ರಾಗ ನಿನ್ನ ಕೈಗಿ ಪಾಟ್ಲಿ ಮಾಡಸ್ತೇನಿ."

"ಮಾರಿದ್ರ ನೋಡ್ರಿ ಮತ್ತ," ಎಂದಳು ಕೌಸಲ್ಯಾಬಾಯಿ, ಆರತಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು. "ಅದನ್ನ ನಾನೇ ಹಾಕ್ಕೋತೇನಿ. ನಿಮ್ಮದು ನೀವ್ ಹಾಕ್ಕೊಳ್ರಿ. ಇಬ್ರೂ ಕೂಡಿ ಹೋಗೂಣು. ಇದೇ ನನ್ನ ಪಾಡ್ಯದ ಉಡುಗೊರಿ."

"ಕೆಲಸ ಏನದ ಅಲ್ಲಿ?"

"ಏನೂ ಇಲ್ಲ. ಸುಮ್ನ ಕೂಡೂಣು."

ಗುತ್ತೇದಾರನ ಕಾಲದಲ್ಲಿ ಆ ಯಂತ್ರ ಇಬ್ಬರಿಗೆ ಗಾಳಿ ಕೊಡುತ್ತಿತ್ತು. ಎರಡನೆಯ ಬಾಯಿಗೆ ತುರುಕಿದ್ದ ಚಿಂದಿಯನ್ನು ಮಚ್ಛೇಂದ್ರ ತೆಗೆದು ನಳಿಗೆ ಜೋಡಿಸಿದ. ಚೌಕದ ಬಾವಿಯ ಕಟ್ಟೆಯ ಮೇಲೆ ಒಂದು ಚಕ್ರಕ್ಕೆ ಗೋರಖನಾಥ, ಇನ್ನೊಂದಕ್ಕೆ, ಜೀವಮಾನವಿಡೀ ಬೀಸುವ ಕಲ್ಲು ತಿರುಗಿಸಿದ ತನ್ನ ರಟ್ಟೆಯ ಮುಂದೆ ಇದು ಯಾವ ಲೆಕ್ಕ ಎಂದ ಅನುಸೂಯಾಬಾಯಿ. ಇಬ್ಬರಿಗೂ ಬೀಡಿ ಸೇದುವ ಅಭ್ಯಾಸ ಇಲ್ಲ ಎಂಬುದನ್ನು ಮಚ್ಛೇಂದ್ರ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಅವನಿಗೆ ಗಾಜಿನಾಚೆ ಬೆಳಕು ಎಂದಿನಂತೆ ಹಸಿರಾಯಿತು, ಆಮೇಲೆ ಕಪ್ಪಾಗುತ್ತ ಬಂತು. ಕೈಕಾಲು ತಣ್ಣಗಾಗಲು ಹೊರಟಾಗ ಪಕ್ಕದಿಂದ ದಪ್ಪ ಬಟ್ಟೆಯ ಒಂದು ಕೈ ಬಂದು ಅವನ ಕೈ ಹಿಡಿಯಿತು. ತಳದಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಕೌಸಲ್ಯಾಬಾಯಿ ಅದರ ಮೇಲೆ ಕೂತು, ಪಕ್ಕದಲ್ಲಿ ಜಾಗ ತಟ್ಟಿ ತೋರಿಸಿದಳು. ಅವನು ಕೂತ. ಮೇಲೆ ಅತ್ತೆ ಅಳಿಯಂದಿರ ಜಗಳ ಶುರುವಾಗಿರಬೇಕು, ಗಾಳಿ ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಬರುತ್ತಿತ್ತು. ಹೇಗೆ ಬಂದರೂ ಬರುತ್ತಿತ್ತು. ಮಾತಾಡಲು ಬರುವಂತಿರಲಿಲ್ಲ, ಆಡಬೇಕು ಅನ್ನಿಸಲೂ ಇಲ್ಲ. ಒಂದು ಸಣ್ಣ ಮೀನು ಆಕೆಯ ಗಾಜಿನ ಮುಂದೆ ನಿಂತು ನೋಡಿ ಹೋಯಿತು. ಆಕೆ ನಕ್ಕದ್ದು ಹೆಗಲು ಕುಲುಕಿದ್ದರಿಂದ ಅವನಿಗೆ ತಿಳಿಯಿತು.

ಸ್ವಲ್ಪ ಹೊತ್ತಾದ ಮೇಲೆ ಮೇಲಿನಿಂದ ಹಗ್ಗ ಜಗ್ಗಿದರು, ಊಟದ ಹೊತ್ತಾಯಿತು, ಬನ್ನಿ ಎಂದು. ಕೌಸಲ್ಯಾಬಾಯಿ ಏಳಲಿಲ್ಲ. ಮಚ್ಛೇಂದ್ರ ತನ್ನ ಹಗ್ಗವನ್ನು ಒಮ್ಮೆ ಎಳೆದು, ಇನ್ನೂ ಇರುತ್ತೇವೆ ಎಂದು ತಿಳಿಸಿ, ಹಾಗೆಯೇ ಕೂತುಕೊಂಡ.